ಹಂಸದ ಬಾಲದಲ್ಲಿ ಸ್ಫೋಟ

ನಮ್ಮ ಭಾವನವರಿಗೆ ನಮ್ಮ ಅಕ್ಕನಲ್ಲದೆ ಇನ್ನೊಬ್ಬಳಿದ್ದಳು. ಹೆಸರು ಮೀರಾ. ಹನ್ನೊಂದು ತಿಂಗಳಿಗೊಮ್ಮೆ ಬರುತ್ತಿದ್ದಳು, ಕೆಲವು ವಾರ ಮೆರೆಯುತ್ತಿದ್ದಳು, ಆಮೇಲೆ ಹೇಳದೆ ಕೇಳದೆ ಮಾಯ! ಅವಳು ಬರುವ ಕಾಲವಾಯಿತೆಂದರೆ ಭಾವ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ, ಮುಖ ತೊಳೆದು, ಮಾಳಿಗೆ ಹತ್ತಿಬಿಡುತ್ತಿದ್ದರು. ಇದೆಲ್ಲ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು ಎಂದರೆ ಸುಳ್ಳಾದೀತು. "ನಿಮ್ಮಾಕಿ ಬಂದ್ಲೇನ್ರೀ?" ಎಂದು ಅಡುಗೆಮನೆಯಿಂದಲೇ ಕೂಗಿ ಕೇಳುತ್ತಿದ್ದಳು.

"ಬಂದಾಳೆ ಕಣೇ! ಕೆಂಪಗೆ ಎಷ್ಟು ಚೆಂದ ಕಾಣ್ತಾಳೆ, ಬಂದು ನೋಡು!" ಎಂದು ಮಾಳಿಗೆಯ ಮೇಲಿನಿಂದ ಉತ್ತರ.

ಚನ್ನಗಿರಿ ಪೇಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಗಂಡ ಹೆಂಡತಿ ಇಂಥ ಮಾತನ್ನು ಹೀಗೆ ಕೂಗಾಡಿಕೊಂಡರೆ ಅದು ಎಲ್ಲೆಲ್ಲಿಗೆ ಹೋಗಿ ಮುಟ್ಟಬೇಡ? ಜಗಳೂರು ಕಡೆ ಬಿಳಿಚೋಡಿನಲ್ಲಿದ್ದ ನಮ್ಮ ಅವ್ವನಿಗೇ ಮುಟ್ಟಿತು! ಒಂದು ಸಂಜೆ ಅವ್ವ ಬಸ್ಸಿನಿಂದ ಇಳಿದು, ಕೈಕಾಲು ಸಹ ತೊಳೆಯದೆ, ಬಾಗಿಲ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ನಡುಮನೆಯಲ್ಲಿ ನಿಂತಳು.

"ಎಲ್ಲಿ ಅವಳು? ಇವತ್ತು ಅವಳ ಜುಟ್ಟು ಹಿಡಿದು ಬಸ್ ಹತ್ತಿಸ್ತೀನಿ!"

ಭಾವನ ಮುಖ ಅರಳಿತು. ಮನೆಯವರು ಇಷ್ಟು ಆಸಕ್ತಿಯಿಂದ ಮೀರಾಳನ್ನು ವಿಚಾರಿಸಿದ್ದು ಅದೇ ಮೊದಲು. "ಸರಿಯಾದ ಹೊತ್ತಿಗೆ ಬಂದ್ರಿ ಅತ್ತೆಮ್ಮಾ. ಮಾಳಿಗೆ ಮೇಲೆ ಬರ್ರಿ, ತೋರಿಸ್ತೀನಿ."

ಅವ್ವ ಪೊರಕೆ ಸಮೇತ ಮೆಟ್ಟಿಲು ಹತ್ತಿದಳು. ಭಾವ ಬೆರಳು ಮಾಡಿ ತೋರಿಸಿದ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ದಕ್ಷಿಣದ ಆಕಾಶದಲ್ಲಿ ಒಂದು ಕೆಂಪು ಚುಕ್ಕಿ.

"ಇದೇನಾ?"

"ಇದೇ. ಮೊನ್ನೆತಂಕ ಕಣ್ಣಿಗೇ ಕಾಣ್ತಿರ್ಲಿಲ್ಲ. ಈಗ ಹೆಂಗೆ ಉಬ್ಬಿದಾಳೆ ನೋಡ್ರಿ!"

"ಇವಳಿಗಾಗಿ ನಾನು ಎರಡು ಬಸ್ ಬದಲಾಯಿಸ್ಕಂಡು ಬಂದೆನಾ!" ಎಂದು ಅವ್ವ ತಲೆ ಚಚ್ಚಿಕೊಂಡಳು. ತಂದ ಪೊರಕೆ ವ್ಯರ್ಥವಾಗಬಾರದೆಂದು ಮಾಳಿಗೆಯನ್ನೆಲ್ಲ ಗುಡಿಸಿಯೇ ಕೆಳಗಿಳಿದಳು.

ಮೀರಾ ಎಂಬುದು ಆ ನಕ್ಷತ್ರದ ನಿಜವಾದ ಹೆಸರೇ ಎಂದರೆ ನೀವು ನಂಬಬೇಕು. ಆಕಾಶದಲ್ಲಿ ಎಲ್ಲ ಚುಕ್ಕಿಗಳೂ ಒಂದೇ ಸಮನೆ ಬೆಳಗುವುದಿಲ್ಲವಂತೆ. ಕೆಲವು ತಿಂಗಳುಗಟ್ಟಲೆ ಉಬ್ಬುತ್ತವೆ, ಇಳಿಯುತ್ತವೆ. ಕೆಲವು ಇದ್ದಕ್ಕಿದ್ದಂತೆ ಮಂಕಾಗುತ್ತವೆ. ಇನ್ನು ಕೆಲವು, ಹುಟ್ಟಿದಂದಿನಿಂದ ಯಾರ ಕಣ್ಣಿಗೂ ಬೀಳದಂತೆ ಇದ್ದು, ಒಂದು ದಿನ ಸಿಡಿದು ಧಗ್ಗನೆ ಉರಿಯುತ್ತವೆ. ಇಂಥ ಚಂಚಲ ಸ್ವಭಾವದವನ್ನೇ ಹುಡುಕಿ ಹುಡುಕಿ ನೋಡುವುದು ಭಾವನ ಚಟ. ಇಸ್ಪೀಟಿನ ಚಟ, ಸಿನಿಮಾದ ಚಟ ಬಿಡಿಸಲು ಊರಲ್ಲಿ ಹಿರಿಯರಿದ್ದರು. ನಕ್ಷತ್ರದ ಚಟ ಬಿಡಿಸುವವರು ಯಾರು?

ಚಟ ಅಂಟಿದ್ದು ಅಂಗಡಿಯಿಂದ. ಭಾವನದು ಬಟ್ಟೆ ಅಂಗಡಿ. ಸೀರೆಗೆ ಒಪ್ಪುವ ಕುಪ್ಪಸದ ಕಣ ಹುಡುಕುವುದರಲ್ಲಿ ಅವರನ್ನು ಮೀರಿಸುವವರು ಸುತ್ತಲಿನ ತಾಲ್ಲೂಕುಗಳಲ್ಲೇ ಇರಲಿಲ್ಲ. ನಮ್ಮ ಕಣ್ಣಿಗೆ ಹಸಿರೆಲ್ಲ ಹಸಿರೇ. ಅವರಿಗೆ ಗಿಣಿಯ ಹಸಿರು, ಎಳೆ ಹುಣಸೆಯ ಹಸಿರು, ಕೆರೆಯ ಪಾಚಿಯ ಹಸಿರು ಎಲ್ಲ ಬೇರೆ ಬೇರೆ ಜನ. ಅಂಗಡಿಗೆ ಸಾಮಾನು ಕಟ್ಟಿಕೊಂಡು ಬಂದ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ, ಬದಲಾಗುವ ನಕ್ಷತ್ರದ ಬೆಳಕನ್ನು ಬರಿಗಣ್ಣಲ್ಲೇ ಅಳೆಯುವುದು ಹೇಗೆ ಎಂದು ಬರೆದಿತ್ತು. ಪಕ್ಕದಲ್ಲಿ ಬದಲಾಗದ ಎರಡು ಚುಕ್ಕಿ ಹಿಡಿಯಬೇಕು, ಒಂದು ಅದಕ್ಕಿಂತ ಹೆಚ್ಚಿನದು, ಒಂದು ಕಡಿಮೆಯದು. ಆ ಎರಡರ ನಡುವೆ ಹತ್ತು ಭಾಗ ಮಾಡಿ, ನಮ್ಮದು ಎಷ್ಟನೇ ಭಾಗದಲ್ಲಿ ಕೂರುತ್ತದೆ ಎಂದು ಹೇಳಬೇಕು. "ಅಯ್ಯೋ, ಇದು ನಾನು ದಿನಾ ಮಾಡೋ ಕೆಲ್ಸಾನೇ!" ಎಂದರಂತೆ ಭಾವ. ನ್ಯಾಮತಿಯಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ಒಬ್ಬರ ಬೆನ್ನು ಬಿದ್ದು ಒಂದು ದುರ್ಬೀನನ್ನೂ ಸಂಪಾದಿಸಿದರು. ಬೆಟ್ಟದ ಮೇಲಿನ ಯಾವುದೋ ವೀಕ್ಷಣಾಲಯಕ್ಕೆ ಬರೆದು ನಕ್ಷತ್ರಗಳ ನಕ್ಷೆ ತರಿಸಿಕೊಂಡರು. ಮುಗಿಯಿತು, ಮನುಷ್ಯ ಕೈಬಿಟ್ಟು ಹೋದ!

ಅಳತೆ ಆಕಾಶದಲ್ಲೇ ನಿಂತಿದ್ದರೆ ನಮಗೇನು? ಅದು ಊಟದೆಲೆಗೂ ಇಳಿಯಿತು. "ಇವತ್ತಿನ ಸಾರು ನಿನ್ನೆದಕ್ಕಿಂತ ಮೇಲು, ಸೋಮವಾರದ್ದಕ್ಕಿಂತ ಕೆಳಗೆ. ನಿನ್ನೆ ಕಡೆಯಿಂದ ನಾಲ್ಕನೇ ಭಾಗ." ಅಕ್ಕ ಸೌಟು ಹಿಡಿದು ನಿಂತು, "ನಾಳೆ ಮಾಡಾಕೇ ಇಲ್ಲ, ಅದಕ್ಕೆ ಎಷ್ಟನೇ ಭಾಗ ಕೊಡ್ತೀರಿ ಹೇಳ್ರಿ" ಎನ್ನುತ್ತಿದ್ದಳು.

ನನ್ನನ್ನು ನೋಡಲು ಹೊನ್ನಾಳಿಯಿಂದ ಗಂಡಿನ ಕಡೆಯವರು ಬಂದದ್ದೂ ಅಕ್ಕನ ಮನೆಗೇ. ನಾನು ಚನ್ನಗಿರಿಯ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಹುಡುಗಿ ಹಾಡಲಿ ಎಂದರು. ಹಾಡಿದೆ. ಗಂಡಿನ ತಾಯಿ ಸೌಜನ್ಯಕ್ಕೆ, "ಹಾಡು ಹೆಂಗಿತ್ತು ಅಂತೀರಿ ಯಜಮಾನ್ರೆ?" ಎಂದು ಭಾವನನ್ನು ಕೇಳಿದರು. ಕೇಳಬಾರದಿತ್ತು! ಭಾವ ಕಣ್ಣು ಮುಚ್ಚಿ, ಬಹಳ ಪ್ರಾಮಾಣಿಕವಾಗಿ ಯೋಚಿಸಿದರು.

"ರೇಡಿಯೋದಾಗೆ ಬರೋರಿಗಿಂತ ಕಮ್ಮಿ. ನಮ್ಮನೆ ಕುಕ್ಕರ್ ಸೀಟಿಗಿಂತ ಹೆಚ್ಚು. ನಡುವೆ ಹತ್ತು ಭಾಗ ಮಾಡಿದ್ರೆ ಕುಕ್ಕರಿನಿಂದ ಮೂರನೇ ಭಾಗ ಬರ್ತೈತ್ರಿ."

ನಾನು ಭೂಮಿ ಬಾಯಿಬಿಡಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ, ಬಂದಾಗಿನಿಂದ ಕಲ್ಲಿನಂತೆ ಕೂತಿದ್ದ ಗಂಡು ಗೊಳ್ಳೆಂದು ನಕ್ಕರು. ನಗು ತಡೆಯಲಾರದೆ ಕೆಮ್ಮಿದರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾನು ಅವರನ್ನೇ ಮದುವೆಯಾದೆ. ಇಂದಿಗೂ ಮನೆಯಲ್ಲಿ ಕುಕ್ಕರ್ ಕೂಗಿದರೆ ಅವರು "ಶಹಬ್ಬಾಸ್!" ಎನ್ನುತ್ತಾರೆ.

ಇದೆಲ್ಲ ಆಮೇಲಿನದು. ನಾನು ಹೇಳಬೇಕೆಂದು ಹೊರಟದ್ದು ಇದಕ್ಕೂ ಮೊದಲಿನ ಕಥೆ, ಎಪ್ಪತ್ತೈದನೇ ಇಸವಿಯ ಆಗಸ್ಟ್ ಕೊನೆಯದು. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ಎರಡು ತಿಂಗಳಾಗಿತ್ತು. ಜನ ಹೋಟೆಲಿನಲ್ಲಿ ಕಾಫಿ ಚೆನ್ನಾಗಿಲ್ಲ ಎನ್ನುವುದಕ್ಕೂ ಆಚೀಚೆ ನೋಡುತ್ತಿದ್ದರು. ಮಳೆಗಾಲ ಬೇರೆ. ಒಂದು ಸಂಜೆ ಮೋಡ ಸರಿದು ಆಕಾಶ ತೊಳೆದಿಟ್ಟಂತಿತ್ತು. ಮಾಳಿಗೆಯ ಮೇಲಿದ್ದ ಭಾವ ಒಮ್ಮೆಲೇ ಚೀರಿದರು. ಚೇಳು ಕಡಿಯಿತೆಂದು ನಾವಿಬ್ಬರೂ ದೀಪ ಹಿಡಿದು ಓಡಿದೆವು.

"ದೀಪ ಆರಿಸ್ರೇ ಮೊದ್ಲು! ಅಲ್ನೋಡ್ರಿ, ಹಂಸದ ಬಾಲದ ಹತ್ರ! ನಿನ್ನೆತಂಕ ಅಲ್ಲಿ ಏನೂ ಇರ್ಲಿಲ್ಲ!"

ಈಶಾನ್ಯದಲ್ಲಿ, ರೆಕ್ಕೆ ಬಿಚ್ಚಿ ಹಾರುವ ಹಕ್ಕಿಯ ಹಾಗೆ ಕಾಣುವ ಚುಕ್ಕಿಗಳ ಗುಂಪಿಗೆ ಹಂಸ ಎಂದು ಹೆಸರು. ಅದರ ಬಾಲದ ದೊಡ್ಡ ಚುಕ್ಕಿಯ ಪಕ್ಕದಲ್ಲಿ ಇನ್ನೊಂದು ಚುಕ್ಕಿ ಥಳಥಳ ಹೊಳೆಯುತ್ತಿತ್ತು. ನಕ್ಷೆಯಲ್ಲಿ ಆ ಜಾಗ ಖಾಲಿ. ಸಿಡಿದ ನಕ್ಷತ್ರ! ಇಂಥದ್ದನ್ನು ಕಾಣಲು ಭಾವ ವರ್ಷಗಟ್ಟಲೆ ಕತ್ತು ನೋಯಿಸಿಕೊಂಡಿದ್ದರು. ಅಂದು ಅವರು ಊಟ ಮಾಡಲಿಲ್ಲ, ಸಾರಿಗೆ ಭಾಗವನ್ನೂ ಕೊಡಲಿಲ್ಲ.

ಬೆಳಗಾದದ್ದೇ ತಂತಿ ಕಚೇರಿಗೆ ಹೋಗಿ ವೀಕ್ಷಣಾಲಯಕ್ಕೆ ತಂತಿ ಕೊಟ್ಟು ಬಂದರು. ತಂತಿಯಲ್ಲಿ ಇದ್ದದ್ದು ಇಷ್ಟೇ: "ನಿನ್ನೆ ಸಂಜೆ ಹಂಸದ ಬಾಲದಲ್ಲಿ ಸ್ಫೋಟ. ನಾನೇ ಕಂಡಿದ್ದೇನೆ. ಕೂಡಲೇ ಖಚಿತಪಡಿಸಿ."

ತುರ್ತು ಪರಿಸ್ಥಿತಿಯಲ್ಲಿ ಸ್ಫೋಟ ಎಂಬ ಶಬ್ದವನ್ನು ತಂತಿಯಲ್ಲಿ ಕಳಿಸುವ ಮನುಷ್ಯ ಇನ್ನೊಬ್ಬ ಇದ್ದನೇ?

ಮರುದಿನ ಮಧ್ಯಾಹ್ನ ಸಬ್‌ಇನ್ಸ್‌ಪೆಕ್ಟರ್ ಸಾಹೇಬರು ಅಂಗಡಿಗೇ ಬಂದರು. ಸೀರೆಗೆ ಬಂದಿರಬೇಕೆಂದು ಭಾವ ಇಳಕಲ್ ಸೀರೆಗಳನ್ನು ಬಿಚ್ಚಿ ಹರಡಿದರು. ಸಾಹೇಬರು ಅವನ್ನು ಪಕ್ಕಕ್ಕೆ ಸರಿಸಿ, ಮೆಲುದನಿಯಲ್ಲಿ ಕೇಳಿದರು: "ಈ ಹಂಸ ಅಂದ್ರೆ ಯಾರ್ರೀ?"

"ಯಾರಲ್ಲ ಸಾರ್, ಪಕ್ಷಿ."

"ಅದರ ಬಾಲ ಎಲ್ಲೈತೆ?"

"ಮೇಲೈತೆ ಸಾರ್."

"ತಮಾಷೆ ಬ್ಯಾಡ್ರಿ. ಹಂಸ ಇರೋದು ನೀರಿನಾಗೆ. ಈ ಸೀಮೆಗೆ ನೀರು ಅಂದ್ರೆ ಸೂಳೆಕೆರೆ. ಬಾಲ ಅಂದ್ರೆ ಕೆರೆ ಏರಿ. ಹೌದೋ ಅಲ್ಲೋ?"

ಭಾವ ಬೆಪ್ಪಾಗಿ ನಿಂತರು. ಇಂಥ ಕಲ್ಪನೆ ತಮಗೆ ಹೊಳೆಯಲಿಲ್ಲವಲ್ಲ ಎಂಬ ಮೆಚ್ಚುಗೆಯೂ ಅವರ ಮುಖದಲ್ಲಿತ್ತಂತೆ. ಕೆರೆ ಏರಿಯನ್ನು ತಪಾಸಣೆ ಮಾಡಲು ಆಗಲೇ ಇಬ್ಬರು ಪೇದೆಗಳು ಸೈಕಲ್ಲಿನಲ್ಲಿ ಹೋಗಿದ್ದರು. ಏರಿ ಗಟ್ಟಿಯಾಗಿದೆ ಎಂಬ ವರದಿಯ ಜೊತೆಗೆ ಅವರು ಒಂದು ಚೀಲ ಮೀನನ್ನೂ ತಂದರು.

ಸಾಹೇಬರು ಕೆಟ್ಟವರಲ್ಲ. ಆದರೆ ಮೇಲಿನವರಿಗೆ ಉತ್ತರ ಕೊಡಬೇಕಿತ್ತು. ಭಾವ ನಕ್ಷೆ ಬಿಡಿಸಿ ತೋರಿಸಿದರು. "ಇಲ್ಲಿ ಖಾಲಿ ಐತೆ ನೋಡ್ರಿ. ಮೇಲೆ ನೋಡಿದ್ರೆ ಅದೇ ಜಾಗದಾಗೆ ಒಂದು ಚುಕ್ಕಿ ಹೆಚ್ಚೈತೆ. ನೀವೇ ನಿಮ್ಮ ಕಣ್ಣಾರೆ ನೋಡ್ರಿ ಸಾರ್."

"ತೋರಿಸ್ರಿ ಮತ್ತೆ."

ತೋರಿಸುವುದು ಏನನ್ನು? ಸಂಜೆಯ ಹೊತ್ತಿಗೆ ಆಕಾಶದ ತುಂಬ ಮೋಡ! ದುರ್ಬೀನು ಠಾಣೆಯ ಕಪಾಟು ಸೇರಿತು. ಭಾವ ಠಾಣೆಯ ಬೆಂಚಿನ ಮೇಲೆ ಮೋಡ ಚದುರುವುದನ್ನು ಕಾಯುತ್ತ ಕೂತರು. ಚದುರಲಿಲ್ಲ. ಊಟಕ್ಕೆ ಮನೆಗೆ ಕಳಿಸಿದ ಸಾಹೇಬರು, "ನಾಳೆ ಸಂಜೆನೂ ಬರ್ರಿ. ನಾಳೆನೂ ಕಾಣ್ಲಿಲ್ಲ ಅಂದ್ರೆ ನಾನು ನಿಮ್ಮನ್ನ ಶಿವಮೊಗ್ಗಕ್ಕೆ ಕಳಿಸ್ಬೇಕಾಗ್ತೈತೆ" ಎಂದರು. ಹಾಗೆ ಹೋದವರು ಯಾವಾಗ ಬರುತ್ತಾರೆಂದು ಆ ದಿನಗಳಲ್ಲಿ ಹೇಳುವಂತಿರಲಿಲ್ಲ. ಮನೆಯಲ್ಲಿ ಮೊದಲ ಸಲ ನಗು ನಿಂತಿತು.

ಭಾವನ ಚಿಂತೆಯೇ ಬೇರೆ. "ಇಂಥ ಚುಕ್ಕಿ ಸಿಡಿದಷ್ಟೇ ಜೋರಾಗಿ ಇಳಿದುಬಿಡ್ತೈತೆ. ನನ್ನ ಸಾಕ್ಷಿ ಮೋಡದ ಹಿಂದೆ ಆರಿಹೋಗ್ತಾ ಐತೆ ಕಣೇ" ಎಂದು ಅಕ್ಕನಿಗೆ ಹೇಳಿದರು. ಅಕ್ಕ ಅವರ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವಂತೆ ಬೈಯುತ್ತಿದ್ದಳು.

ಮಾರನೇ ಸಂಜೆ ಭಾವ ಠಾಣೆಗೆ ಹೋದರು, ನಾನೂ ಜೊತೆಗೆ ಹೋದೆ. ಸಣ್ಣಗೆ ಮಳೆ. ಕರೆಂಟು ಹೋಗಿ ಊರೆಲ್ಲ ಕತ್ತಲು. ಸಾಹೇಬರು ಲಾಟೀನಿನ ಬೆಳಕಲ್ಲಿ ಏನೋ ಬರೆಯಲು ಶುರುಮಾಡಿದ್ದರು. ಆಗ ಬೀದಿಯಲ್ಲಿ ಯಾರೋ ದಬದಬ ಓಡಿ ಬರುವ ಸದ್ದು. ನೋಡಿದರೆ ಅಕ್ಕ! ತಲೆಯ ಮೇಲೆ ಸೆರಗಿಲ್ಲ, ಸೀರೆಯ ನೆರಿಗೆ ಮೊಣಕಾಲಿನ ತನಕ ಕೆಸರು.

"ಬರ್ರೀ, ಜಲ್ದಿ ಹೊರಗೆ ಬರ್ರೀ! ಮೋಡ ಕಿತ್ತೈತೆ! ಇನ್ನೂ ಐತೆ, ಆರಿಲ್ಲ!"

ಎರಡು ಸಂಜೆಯಿಂದ ಆಕೆ ಮಾಳಿಗೆಯ ಮೇಲೆ ಒಬ್ಬಳೇ ನಿಂತು ಕಾಯುತ್ತಿದ್ದಳೆಂದು ನಮಗೆ ಆಗಲೇ ಗೊತ್ತಾದದ್ದು.

"ನಿಂಗೆ ಅದು ಯಾವುದು ಅಂತ ಹೆಂಗೆ ಗೊತ್ತಾತು?" ಎಂದರು ಭಾವ.

"ವರ್ಷಾನುಗಟ್ಟಲೆ ಕಿವಿ ತುಂಬ ಕೊರೆದಿದ್ದೀರಲ್ರೀ! ಮೊನ್ನೆ ಹಂಸದ ಎದೆ ಚುಕ್ಕಿಗಿಂತ ಹೆಚ್ಚಿತ್ತು. ಈಗ ರೆಕ್ಕೆ ಚುಕ್ಕಿಗಿಂತನೂ ಕಮ್ಮಿ ಆಗೈತೆ. ಮಾತಾಡ್ತಾ ನಿಂತ್ರೆ ಅದೂ ಹೋಗ್ತೈತೆ, ಬರ್ರಿ!"

ಎಲ್ಲರೂ ಬೀದಿಗೆ ಬಂದೆವು. ಮೋಡದ ನಡುವೆ ಕಂಬಳಿ ಹರಿದಂತೆ ಒಂದು ಕಿಂಡಿ, ಅದರೊಳಗೆ ಹಂಸದ ಬಾಲ, ಪಕ್ಕದಲ್ಲಿ ಮಂಕಾಗಿ ಆ ಚುಕ್ಕಿ. ಸಾಹೇಬರು ನಕ್ಷೆಯನ್ನು ಲಾಟೀನಿಗೆ ಹಿಡಿದು ನೋಡಿದರು, ಮೇಲೆ ನೋಡಿದರು, ದುರ್ಬೀನು ತರಿಸಿ ನೋಡಿದರು.

"ಇಲ್ಲಿ ಇಲ್ಲ. ಅಲ್ಲಿ ಐತೆ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಟೋಪಿ ತೆಗೆದರು. "ಇದು ಸಿಡಿದಿದ್ದು ಮೊನ್ನೆನಾ?"

"ಬೆಳಕು ಇಲ್ಲಿಗೆ ಬಂದಿದ್ದು ಮೊನ್ನೆ ಸಾರ್. ಸಿಡಿದಿದ್ದು ನಮ್ಮ ನಿಮ್ಮ ತಾತ, ಮುತ್ತಾತ ಎಲ್ಲ ಹುಟ್ಟೋಕಿಂತ ಎಷ್ಟೋ ಮೊದ್ಲು."

"ಹಂಗಾದ್ರೆ ನನ್ನ ಸರಹದ್ದಿಗೂ ಬರಂಗಿಲ್ಲ, ನನ್ನ ಸರ್ವೀಸಿಗೂ ಬರಂಗಿಲ್ಲ," ಎಂದು ಸಾಹೇಬರು ಬರೆಯುತ್ತಿದ್ದ ಹಾಳೆಯನ್ನು ಹರಿದು ಹಾಕಿ, ದುರ್ಬೀನನ್ನು ಭಾವನ ಕೈಗೇ ಕೊಟ್ಟರು. ಆಮೇಲೆ ಒಬ್ಬೊಬ್ಬರೇ ಪೇದೆಗಳನ್ನು ಕರೆದು ತೋರಿಸಿದರು. ಕೆರೆ ಏರಿಗೆ ಸೈಕಲ್ ತುಳಿದವರಿಗೆ ಮೊದಲ ಸರದಿ!

ಕೆಲವು ವಾರಗಳ ಮೇಲೆ ವೀಕ್ಷಣಾಲಯದಿಂದ ಉತ್ತರ ಬಂತು. ಜಪಾನಿನಿಂದ ಹಿಡಿದು ಎಷ್ಟೋ ದೇಶಗಳ ಎಷ್ಟೋ ಜನ ಅದನ್ನು ಭಾವನಿಗಿಂತ ಮೊದಲೇ ಕಂಡಿದ್ದರಂತೆ. ಪಾಪ, ಮನಸ್ಸು ಮುರಿದೀತೆಂದು ನಾವು ಅಂದುಕೊಂಡರೆ, ಭಾವ ಪೇಟೆಗೆಲ್ಲ ಪೇಡ ಹಂಚಿದರು! ನನಗೂ ಒಂದು ಕೊಟ್ಟು ಹೇಳಿದರು: "ನೋಡಿದೆಯೇನವ್ವಾ, ಅಷ್ಟೊಂದು ಜನ ಒಂದೇ ದಿನ ತಲೆ ಎತ್ತಿ ಮೇಲೆ ನೋಡ್ಯಾರೆ! ಇಷ್ಟು ದಿನ ನಾನೊಬ್ನೇ ಹುಚ್ಚ ಅನ್ಕಂಡಿದ್ದೆ!"

ಆ ಉತ್ತರ ಯಾವ ಪೆಟ್ಟಿಗೆ ಸೇರಿತೋ ತಿಳಿಯದು. ನನ್ನ ನೆನಪಿನಲ್ಲಿ ಉಳಿದಿರುವುದು ಆ ಸಂಜೆ ಠಾಣೆಯ ಮುಂದೆ ಆದದ್ದು. ಕಿಂಡಿ ಮುಚ್ಚಿ, ಮನೆಗೆ ಹೊರಟಾಗ ಭಾವನ ಕಣ್ಣು ಆಕಾಶದಿಂದ ಇಳಿದು ಅಕ್ಕನ ಕಾಲಿನ ಮೇಲೆ ಬಿತ್ತು. ಆಕೆ ಬರಿಗಾಲಲ್ಲಿ ಓಡಿ ಬಂದಿದ್ದಳು. ಹೆಬ್ಬೆರಳು ಒಡೆದು ರಕ್ತ ಕೆಸರಿನಲ್ಲಿ ಬೆರೆತಿತ್ತು. ಆಕೆಗೇ ಅದು ಗೊತ್ತಿರಲಿಲ್ಲ. ಭಾವ ಹೆಗಲ ಮೇಲಿನ ವಲ್ಲಿ ತೆಗೆದು, ಪೇಟೆ ಬೀದಿಯಲ್ಲಿ, ಪೇದೆಗಳೆಲ್ಲ ನೋಡುತ್ತಿದ್ದಂತೆ ಮೊಣಕಾಲೂರಿ ಕೂತು, ಆಕೆಯ ಪಾದ ಒರೆಸಿದರು. "ಬಿಡ್ರೀ, ಯಾರಾದ್ರೂ ನೋಡ್ತಾರೆ" ಎಂದು ಅಕ್ಕ ಕಾಲು ಹಿಂದೆಳೆದರೂ ಬಿಡಲಿಲ್ಲ. ತಮ್ಮ ಚಪ್ಪಲಿ ಕಳಚಿ ಆಕೆಯ ಮುಂದಿಟ್ಟರು.

"ಹಾಕ್ಕೋ."

ಅಷ್ಟು ದೊಡ್ಡ ಚಪ್ಪಲಿಯಲ್ಲಿ ಪಟಪಟ ಸದ್ದು ಮಾಡುತ್ತ ಅಕ್ಕ ಮುಂದೆ ನಡೆದಳು. ಭಾವ ಕೆಸರಿನಲ್ಲಿ ಬರಿಗಾಲಿಟ್ಟು ಆಕೆಯ ಪಕ್ಕದಲ್ಲಿ ನಡೆದರು. ನಾನು ಬೇಕೆಂದೇ ಸ್ವಲ್ಪ ಹಿಂದೆ ಉಳಿದೆ. ಮನೆ ಮುಟ್ಟುವ ತನಕ ಭಾವ ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಲಿಲ್ಲ.