ಒಳಗೆ ಕೂತು ಬಸ್ಸು ತಳ್ಳುವುದು

ನಿಯಮ ಪಾಲಿಸುವವನು ಪಡುವಷ್ಟು ಪಾಡನ್ನು ನಿಯಮ ಮುರಿಯುವವನು ಪಡುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ತಂದೆಗೆ ಗಡಿಯಾರ ನೋಡದೆ ಹಸಿವೂ ಆಗುತ್ತಿರಲಿಲ್ಲ. ಅವರ ಗದರಿಕೆಯಲ್ಲಿ ಬೆಳೆದ ನಾನು ಎಪ್ಪತ್ತರ ದಶಕದಲ್ಲಿ ತಾಳವಾಡಿಯ ಶಾಲೆಯೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ಬಂದವರು ಗೇಟಿನ ಹೊರಗೇ ನಿಲ್ಲಬೇಕೆಂಬ ನಿಯಮ ತಂದವನೂ ನಾನೇ. ಹಾಗಾಗಿ ನಾನು ತಡ ಮಾಡುವಂತೆಯೇ ಇರಲಿಲ್ಲ.

ಸೋಮವಾರ ಬೆಳಗಿನ ಬಸ್ಸು ಸತ್ಯಮಂಗಲದಿಂದ ಘಾಟಿಯ ತಿರುವುಗಳನ್ನೆಲ್ಲ ಏದುಸಿರು ಬಿಡುತ್ತ ಹತ್ತಿ, ನೆತ್ತಿಯ ಮೇಲಿನ ದಿಂಬದಲ್ಲಿ ಟೀಗೆಂದು ನಿಲ್ಲುತ್ತಿತ್ತು. ಮತ್ತೆ ಹೊರಡುವುದು ಅದರ ಮರ್ಜಿ. ನಿಂತ ವಸ್ತು ನಿಂತೇ ಇರುತ್ತದೆ, ಅದೇ ಜಡತ್ವ ಎಂದು ಪಾಠ ಹೇಳಲು ನನಗೆ ಬೇರೆ ಉದಾಹರಣೆ ಬೇಕಿರಲಿಲ್ಲ. ಗಂಡಸರು ಇಳಿದು ತಳ್ಳುವುದು, ಹೆಂಗಸರು ಸೀಟು ಕಾಯುವುದು ಆ ಬಸ್ಸಿನ ವಾಡಿಕೆ.

ಅಂದು ನಾನು ಬಸ್ಸಿನ ಹಿಂಬದಿಯ ಮೂಲೆಗೆ ಹೆಗಲು ಕೊಟ್ಟು ನಿಂತಿದ್ದೆ. ಪಕ್ಕದ ಕಿಟಕಿಯಲ್ಲಿ ನೋಡಿದರೆ ಒಬ್ಬ ಅಜ್ಜಿ, ನಾನು ಇಳಿಯುವಾಗ ಕೊಟ್ಟಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮುಂದಿನ ಸೀಟಿನ ಕಂಬಿಯನ್ನು ಹಲ್ಲು ಕಚ್ಚಿ ತಳ್ಳುತ್ತಿದ್ದಾಳೆ!

"ಅಜ್ಜಿ, ಏನು ಮಾಡ್ತಿದ್ದೀರಿ?"

"ನಾನೂವೆ ತಳ್ತಾ ಇವ್ನಿ ಕಣ್ ಮೇಷ್ಟ್ರೆ. ಸುಮ್ಕೆ ಕೂತ್ರೆ ಮುಂದುಕ್ ಓದದಾ ಬಸ್ಸು?"

ಮೇಷ್ಟ್ರ ಕಿವಿಗೆ ಇದು ಬಿದ್ದಮೇಲೆ ಕೇಳಬೇಕೆ? "ನಿಮ್ಮ ಕೈ ಆ ಸೀಟನ್ನು ಮುಂದಕ್ಕೆ ತಳ್ಳಿದಷ್ಟೇ ಬಲವಾಗಿ ಅದು ನಿಮ್ಮನ್ನು ಹಿಂದಕ್ಕೆ ತಳ್ಳುತ್ತೆ. ನಿಮ್ಮ ಬೆನ್ನು ಈ ಸೀಟನ್ನು ಹಿಂದಕ್ಕೆ ಒತ್ತುತ್ತೆ. ಅಲ್ಲಿಗಲ್ಲಿಗೆ ಸರಿ, ಬಸ್ಸಿಗೆ ಸಿಕ್ಕಿದ್ದು ಸೊನ್ನೆ. ತಳ್ಳೋದಾದ್ರೆ ಇಳಿದು ತಳ್ಳಬೇಕು."

"ಇಳುದ್ಬುಟ್ರೆ ನನ್ ಸೀಟ್ನ ನಿಮ್ ಸೊನ್ನೆ ಕಾಯ್ಕಂಡದಾ?"

"ಸಾರ್, ಪಾಠ ಸ್ಕೂಲಲ್ಲಿ ಮಾಡಿ, ಇಲ್ಲಿ ತಳ್ಳಿ!" ಎಂದು ಕಂಡಕ್ಟರ್ ಕೂಗಿದ. ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಗುರ್ರೆಂದು ಹೊರಟೇಬಿಟ್ಟಿತು. ಬಸ್ಸಿಗೆ ಒರಗಿದ್ದ ನಾನು ನೆಲಕ್ಕೆ ಒರಗಿದೆ.

ಮತ್ತೆ ನಿಲ್ಲಿಸಿದರೆ ಇಂಜಿನ್ ಸತ್ತೀತೆಂದು ಡ್ರೈವರು ನಿಲ್ಲಿಸಲಿಲ್ಲ. ಉಳಿದವರೆಲ್ಲ ಓಡಿ ಹತ್ತಿಕೊಂಡರು. ನಾನೂ ಎದ್ದು ಓಡಿ, ಬಾಗಿಲ ಕಂಬಿಗೆ ಇನ್ನೇನು ಕೈ ಹಾಕಬೇಕು, ಕಿಟಕಿಯಲ್ಲಿ ನನ್ನ ತರಗತಿಯ ಇಬ್ಬರು ಹುಡುಗಿಯರ ತಲೆಗಳು ಕಂಡವು. ಚಲಿಸುವ ಬಸ್ಸನ್ನು ಹತ್ತಬಾರದು ಎಂದು ಹಿಂದಿನ ವಾರವಷ್ಟೇ ಇವರಿಂದ ಕಾಪಿ ಬರೆಸಿದ್ದೆ. ನನ್ನ ಕೈ ತಾನಾಗಿ ಕೆಳಗಿಳಿಯಿತು.

"ಸಾ, ಅತ್ಬುಡಿ ಸಾ! ನಾವ್ ಯಾರ್ಗೂ ಯೋಳಕಿಲ್ಲ!" ಎಂದು ಒಬ್ಬಳು ಕೂಗಿದಳು. ನಾನು ಹತ್ತಲಿಲ್ಲ. "ಅಯ್ಯೋ, ನಿಂತೇಬುಟ್ರಲ್ಲ ಮೇಷ್ಟ್ರು!" ಎಂಬ ಅಜ್ಜಿಯ ದನಿ ತಿರುವಿನವರೆಗೂ ಕೇಳಿಸಿತು.

ಬಿದಿರಿನ ಲಾರಿಯೊಂದರಲ್ಲಿ ತಾಳವಾಡಿ ಸೇರುವಾಗ ಗಂಟೆ ಬಾರಿಸಿ ಬಹಳ ಹೊತ್ತಾಗಿತ್ತು. ಗೇಟಿನ ಹೊರಗೆ ಅಂದು ತಡವಾಗಿ ಬಂದವರು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ನಾನೂ ನಿಂತೆ. ನಗುವ ಧೈರ್ಯ ಯಾರಿಗೂ ಬರಲಿಲ್ಲ. ಹೆಡ್‌ಮೇಷ್ಟ್ರಿಗೆ ಮಾತ್ರ ಬಂತು. "ಒಳಗೆ ಬನ್ನಿ ಸ್ವಾಮಿ. ಯಾರೋ ಅಜ್ಜಿ ತಂದುಕೊಟ್ಟರು, ನಿಮ್ಮ ಚೀಲ ಹೊತ್ತಿಗೆ ಸರಿಯಾಗಿ ಬಂದಿದೆ."

ಆಮೇಲೆ ದಿಂಬದಲ್ಲಿ ಬಸ್ಸು ನಿಂತಾಗ ನಾನು ಇಳಿದದ್ದಿಲ್ಲ. ಹಾಗೆಂದು ಸುಮ್ಮನೆ ಕೂರುವುದು ಶಿಸ್ತೂ ಅಲ್ಲ. ಎರಡೂ ಕೈಯಿಂದ ಮುಂದಿನ ಸೀಟಿನ ಕಂಬಿಯನ್ನು ಬಲವಾಗಿ ತಳ್ಳುತ್ತಿದ್ದೆ. ಅದೂ ನಿಯಮದ ಪ್ರಕಾರ ಅಷ್ಟೇ ಬಲವಾಗಿ ನನ್ನನ್ನು ಹಿಂದಕ್ಕೆ ತಳ್ಳಿ, ನನ್ನ ಸೀಟಿನಲ್ಲೇ ಭದ್ರವಾಗಿ ಕೂರಿಸುತ್ತಿತ್ತು.