ಕಪ್ಪೆಯ ಪಕ್ಕವಾದ್ಯ

ಹೊಲಿಗೆಯಮ್ಮ ಬೆಳಿಗ್ಗೆ ಮಿಷನ್ನಿನ ಮುಂದೆ ಕೂತೊಡನೆ ಪೆಡಲ್ ತುಳಿದವಳಲ್ಲ. ಮೊದಲು ಕೀಲುಗಳಿಗೆ ಒಂದೊಂದು ತೊಟ್ಟು ಎಣ್ಣೆ, ಆಮೇಲೆ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು ದೇವರೊಂದಿಗೆ ಎರಡು ಮಾತು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ದೊಡ್ಡ ಬೇಡಿಕೆಗಳೇನೂ ಇರುತ್ತಿರಲಿಲ್ಲ. ದಾರ ತುಂಡಾಗದಿರಲಿ, ತೋಳು ಬಿಗಿಯೆಂದು ಯಾರೂ ವಾಪಸು ತರದಿರಲಿ, ಅಷ್ಟೇ. ಈಚೆಗೆ ಇನ್ನೊಂದು ಸೇರಿತ್ತು: "ದೇವರೇ, ಈ ಕೋಣೆಯ ಗದ್ದಲ ನಿಲ್ಲಿಸಪ್ಪಾ."

ಗದ್ದಲವೆಂದರೆ ಕಪ್ಪೆಯದು. ಗ್ರಂಥಾಲಯದಲ್ಲಿ ಗುಮಾಸ್ತರಾಗಿದ್ದ ಅವಳ ಗಂಡ, ಊರು ಬಿಟ್ಟು ಹೊರಟಿದ್ದ ಓದುಗರೊಬ್ಬರಿಂದ ಅದನ್ನು ಗಾಜಿನ ಪೆಟ್ಟಿಗೆಯ ಸಮೇತ ಹೊತ್ತು ತಂದಿದ್ದರು. (ದಿನವಿಡೀ ಜನರಿಗೆ 'ಶ್ಶ್' ಎನ್ನುವ ಮನುಷ್ಯ ಮನೆಗೆ ತಂದದ್ದು ಇದನ್ನು!) ಪೆಟ್ಟಿಗೆಯೊಳಗೆ ಪಾಚಿಯ ಜಮಖಾನ, ಜರಿಗಿಡಗಳ ಚಾಮರ, ಹಬ್ಬಿದ ಬಳ್ಳಿ, ಮಹಾಸ್ವಾಮಿಗಳ ಜಲಕ್ರೀಡೆಗೆ ಒಂದು ಬಟ್ಟಲು ನೀರು. ಎಲೆಯ ಮೇಲೆ ಹೆಬ್ಬೆರಳಿನಷ್ಟು ಗಾತ್ರದ ಹಸಿರು ಮರಗಪ್ಪೆ ಕಾಲು ಮಡಿಸಿ ವಿರಾಜಮಾನ. ಮನೆಯಲ್ಲಿ ಒಳ್ಳೆಯ ಬೆಳಕಿನ ಕಿಟಕಿ ಒಂದೇ, ಅದು ಮಿಷನ್ನಿನ ಪಕ್ಕದ್ದು. ಗಿಡಗಳಿಗೆ ಬೆಳಕು ಬೇಕಲ್ಲ! ಪೆಟ್ಟಿಗೆ ಅಲ್ಲೇ ಕೂತಿತು.

ಸುಮ್ಮನೆ ಕೂತಿದ್ದರೆ ಜಗಳವಿರಲಿಲ್ಲ. ಅವಳ ಹಳೆಯ ಮಿಷನ್ನು ಕರಕರ ಎಂದು ಓಡಿದೊಡನೆ ಕಪ್ಪೆ ಗಂಟಲು ಬಲೂನಿನಂತೆ ಉಬ್ಬಿಸಿ "ಕ್ರ್ಯಾಕ್, ಕ್ರ್ಯಾಕ್" ಎಂದು ಉತ್ತರ ಕೊಡುತ್ತಿತ್ತು. ಮಿಷನ್ನು ನಿಂತರೆ ಅದೂ ಗಪ್ಪಾಗುತ್ತಿತ್ತು.

"ನಿನ್ನ ಮಿಷನ್ನನ್ನ ತನ್ನ ಬಳಗದವರು ಅಂದ್ಕೊಂಡಿದೆ ಕಣೇ," ಎಂದರು ಗಂಡ.

"ನನ್ನ ಮಿಷನ್ ಕಪ್ಪೆ ಥರಾ ಕೂಗತ್ತಾ?"

"ನಾನಲ್ಲ, ಅದು ಹೇಳ್ತಿರೋದು. ಆ ಕರಕರ ರಿಪೇರಿ ಮಾಡ್ಸು ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ?"

"ಸದ್ದು ಮಾಡಿದ್ರೂ ಅದು ಹೊಲಿಯತ್ತೆ ರೀ. ನಿಮ್ಮ ಗವಾಯಿಗಳು ಒಂದು ಗುಂಡಿ ಹಾಕ್ಕೊಡ್ತಾರಾ?"

ವಿಷಯ ತಾರಕಕ್ಕೇರಿದ್ದು ಶಾಲೆಯ ಹೆಡ್‌ಮಿಸ್ಟ್ರೆಸ್ ಹೊಸ ಬಟ್ಟೆ ಹೊಲಿಸಲು ಬಂದ ದಿನ. ಹೊಲಿಗೆಯಮ್ಮ ಮಿಷನ್ನು ತುಳಿಯುತ್ತ ಕೈಯಲ್ಲಿದ್ದ ಹೊಲಿಗೆ ಮುಗಿಸುತ್ತಿದ್ದಾಗ ಆಕೆ ಕನ್ನಡಿ ನೋಡಿಕೊಂಡು, "ಹೋದ ಸಲಕ್ಕಿಂತ ಸಣ್ಣಗಾಗಿದೀನಿ, ಅಲ್ವಾ?" ಎಂದರು.

"ಕ್ರ್ಯಾಕ್ ಕ್ರ್ಯಾಕ್ ಕ್ರ್ಯಾಕ್!"

"ಯಾರದು ನಕ್ಕಿದ್ದು?"

ಕಪ್ಪೆ ಎಂದರೆ ಯಾರು ನಂಬುತ್ತಾರೆ? ಹೆಡ್‌ಮಿಸ್ಟ್ರೆಸ್ ಬಟ್ಟೆಯ ಗಂಟಿನೊಂದಿಗೆ ಹೊರಟೇ ಹೋದರು.

"ಭಾನುವಾರದೊಳಗೆ ಅದು ಈ ಮನೇಲಿರಕೂಡದು," ಎಂದು ಹೊಲಿಗೆಯಮ್ಮ ಆಜ್ಞೆ ಹೊರಡಿಸಿದಳು.

"ಆಯ್ತು ಮಾರಾಯ್ತಿ. ಗೆಳೆಯನೊಬ್ಬ ಕೇಳ್ತಿದ್ದ, ಕೊಟ್ಬಿಡ್ತೀನಿ," ಎಂದು ಗಂಡ ಮುಖ ಸಣ್ಣದು ಮಾಡಿಕೊಂಡರು.

ಮರುದಿನ ಅವಳು ಗದ್ದಲ ನಿಲ್ಲಿಸೆಂದು ಸ್ವಲ್ಪ ಒತ್ತಿಯೇ ಬೇಡಿಕೊಂಡಳು. ದೇವರು ತಡಮಾಡಲಿಲ್ಲ. ಪೆಡಲ್ ತುಳಿದೊಡನೆ ಒಳಗೆ ಏನೋ 'ಟಕ್' ಎಂದಿತು, ಮಿಷನ್ನು ನಿಂತಿತು. ಯಾರ ಗದ್ದಲವೆಂದು ಅವಳೂ ಬಿಡಿಸಿ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ರಿಪೇರಿಯವನಿಗೆ ಭಾನುವಾರದವರೆಗೆ ಪುರಸೊತ್ತಿರಲಿಲ್ಲ. ಕೋಣೆ ಮೌನ, ಕಪ್ಪೆಯೂ ಮೌನ. ಅದರ ಹಸಿರು ಮೈ ಕೆಸರಿನ ಬಣ್ಣಕ್ಕೆ ತಿರುಗಿತು. ಊಟಕ್ಕೆಂದು ಬಿಟ್ಟ ಹುಳುಗಳು ಅದರ ಮೂಗಿನ ಮುಂದೆ, ಕೊನೆಗೆ ಬೆನ್ನ ಮೇಲೂ, ನಿರ್ಭಯವಾಗಿ ವಾಯುವಿಹಾರ ಮಾಡಿದವು.

"ಬೇಜಾರಾಗಿದೆ ಅದಕ್ಕೆ," ಎಂದರು ಗಂಡ.

"ಕಪ್ಪೆಗೆಂಥ ಬೇಜಾರು?" ಎಂದಳು. ಆದರೆ ಅವರು ಕೆಲಸಕ್ಕೆ ಹೊರಟೊಡನೆ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ತಂದು ಎಲೆಗಳನ್ನೆಲ್ಲ ತೋಯಿಸಿದಳು. ಕಪ್ಪೆ ಕದಲಲಿಲ್ಲ. ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಗಾಜಿಗೆ ಬಾಯಿ ಹಚ್ಚಿ, ತನಗೆ ಬಂದಂತೆ "ಕರಕರಕರ" ಎಂದಳು. ಕಪ್ಪೆ ಒಂದು ಕಣ್ಣು ತೆರೆದು, ನೋಡಿ, ಮುಚ್ಚಿಕೊಂಡಿತು. (ಅಷ್ಟು ಅವಮಾನ ಹೆಡ್‌ಮಿಸ್ಟ್ರೆಸ್ಸಿಂದಲೂ ಆಗಿರಲಿಲ್ಲ.) ಅವಳು ಇನ್ನೂ ಜೋರಾಗಿ "ಕರಕರಕರಕರ" ಎಂದಳು.

"ಶ್ಶ್!"

ಬಾಗಿಲಲ್ಲಿ ಗಂಡ. ಕನ್ನಡಕ ಮರೆತು ಹೋಗಿದ್ದರು.

"ಗಂಟಲು ಕೆಟ್ಟಿದೆ ನಂಗೆ," ಎಂದು ಅವಳು ಅಡುಗೆಮನೆಗೆ ನಡೆದಳು.

ಕೆಟ್ಟ ಮಿಷನ್ನಿಗೂ ಬೆಳಗಿನ ಎಣ್ಣೆ ತಪ್ಪಲಿಲ್ಲ. ಪ್ರಾರ್ಥನೆ ಮಾತ್ರ ಬದಲಾಯಿತು: "ಅಂದದ್ದು ವಾಪಸು ತಗೊಂಡೆ ದೇವರೇ. ಆ ಪ್ರಾಣಿ ಒಮ್ಮೆ ಬಾಯಿ ಬಿಡಲಿ."

ಭಾನುವಾರ ರಿಪೇರಿಯವನು ಬಂದು ಮುರಿದ ಭಾಗ ಬದಲಿಸಿದ. ಅತ್ತ ಗಂಡ ಪೆಟ್ಟಿಗೆ ಸಾಗಿಸಲು ಹಗ್ಗ ಹಿಡಿದು ನಿಂತಿದ್ದರು. ಹೊಲಿಗೆಯಮ್ಮ ಪೆಡಲ್ ತುಳಿದಳು. ಕರಕರಕರ. ಗಾಜಿನೊಳಗಿಂದ ಏನೂ ಇಲ್ಲ. ಮತ್ತೆ ತುಳಿದಳು, ಬಟ್ಟೆಯೇ ಇಲ್ಲದೆ, ಉಸಿರು ಹಿಡಿದು.

"ಕ್ರ್ಯಾಕ್."

ಅವಳ ಮುಖ ಅರಳಿದ್ದನ್ನು ಗಂಡ ನೋಡಿದರು. ನೋಡಿದರೆಂದು ಅವಳಿಗೂ ಗೊತ್ತಾಯಿತು.

"ಅಕ್ಕಾ," ಎಂದ ರಿಪೇರಿಯವನು, "ಈ ಕರಕರ ಒಂದು ವಾಷರ್ ಸವೆದಿರೋದಕ್ಕೆ ಬರ್ತಿದೆ. ನನ್ನ ಹತ್ರಾನೇ ಇದೆ, ದುಡ್ಡೇನೂ ಬೇಡ. ಹಾಕ್ಬಿಡ್ಲಾ? ಬೆಣ್ಣೆ ಥರಾ ಓಡತ್ತೆ, ಸದ್ದೇ ಇರಲ್ಲ."

"ಹಾಕಪ್ಪಾ ಹಾಕು," ಎಂದರು ಗಂಡ, ನಗು ತಡೆದುಕೊಂಡು. "ಎಷ್ಟು ವರ್ಷದಿಂದ ಬಡ್ಕೊಂಡಿದೀನಿ."

ಹೊಲಿಗೆಯಮ್ಮ ಎರಡೂ ಕೈಗಳಿಂದ ಮಿಷನ್ನಿನ ಚಕ್ರ ಮುಚ್ಚಿ ಹಿಡಿದಳು.

"ಬೇಡ ಕಣಪ್ಪಾ," ಎಂದಳು. "ಪಕ್ಕವಾದ್ಯ ಇಲ್ದಿದ್ರೆ ನಮ್ಮ ಗವಾಯಿಗಳು ಹಾಡಲ್ಲ."