ಗುಬ್ಬಿಯ ಬಿಸಿನೀರು

ತುಮಕೂರು ನಗರದ ಒಂದು ಬಾಡಿಗೆ ಮನೆಯ ಗೀಸರ್, ೧೯೮೩ನೇ ಇಸವಿಯ ನೀರು ತುಂಬುವ ಹಬ್ಬದ ಸಾಯಂಕಾಲ, ಯಥಾವಿಧಿ ಪೂಜೆ ಸ್ವೀಕರಿಸಿ, ಮಂಗಳಾರತಿ ಮುಗಿದ ಮೇಲೆ ಕೆಲಸ ನಿಲ್ಲಿಸಿತು.

ಪೂಜೆಯಲ್ಲಿ ಲೋಪವೇನೂ ಇರಲಿಲ್ಲ. ದೀಪಾವಳಿಯ ಹಿಂದಿನ ಸಂಜೆ ಹಂಡೆ ಇರುವವರು ಹಂಡೆಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಬಾಡಿಗೆಗಿದ್ದ ಅಲಮೇಲಮ್ಮನವರು ಗೀಸರಿಗೆ ಮಾಡಿದ್ದರು. ಮೈ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆ ಎಂದು ತೋರಿದ ಕಡೆ ಹಾಗಲ ಬಳ್ಳಿ ಸುತ್ತಿ, ನೆತ್ತಿಯ ಮೇಲೆ ಒಂದು ತಂಬಿಗೆ ನೀರು ಹುಯ್ದಿದ್ದರು. ಅವರು ಮೈಸೂರಿನಲ್ಲಿ ಓದಿ ಬಿ.ಎ. ಮಾಡಿದವರು, ಯಾವ ಕೆಲಸವನ್ನೂ ಅರೆಬರೆ ಮಾಡುವ ಅಭ್ಯಾಸ ಅವರಿಗಿರಲಿಲ್ಲ. ಅವರ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಆದರೆ ಅಭಿಪ್ರಾಯ ಇಟ್ಟುಕೊಳ್ಳುವುದನ್ನು ಅವರು ಮದುವೆಯಾದ ವರ್ಷವೇ ಬಿಟ್ಟಿದ್ದರು.

ಬೇರೆ ಕಾಲದಲ್ಲಾಗಿದ್ದರೆ ತಣ್ಣೀರಿನಲ್ಲಿ ದಿನ ನೂಕಬಹುದಿತ್ತು. ಈಗ ಮಗಳು ಜಾನಕಿ ಚೊಚ್ಚಲ ಬಸುರಿ. ಹೆರಿಗೆ ಸಂಕ್ರಾಂತಿಯ ಚಳಿಗೆ. ಬಾಣಂತಿಗೆ ಎರೆಯುವುದೆಂದರೆ ಕೊಡಗಟ್ಟಲೆ ಸುಡುನೀರು ಬೇಕು. ಸೀಮೆಎಣ್ಣೆ ಸ್ಟೌ ಮೇಲೆ ಕಾಫಿಗೆ ಇಟ್ಟಂತೆ ಕಾಯಿಸಿ ಪೂರೈಸುವುದಲ್ಲ. ಬಚ್ಚಲಿನ ಒಲೆಯನ್ನು ಗೀಸರ್ ಬಂದಾಗಲೇ ಕಿತ್ತುಹಾಕಲಾಗಿತ್ತು. ಇದೆಲ್ಲದರ ಮೇಲೆ ಕುಣಿಗಲ್ಲಿನಿಂದ ಬೀಗಿತ್ತಿ ಸರಸ್ವತಮ್ಮನವರು ಹೇಳಿಕಳಿಸಿದ್ದರು: "ನಿಮ್ಮಲ್ಲಿ ಅನುಕೂಲ ಇಲ್ದಿದ್ರೆ ಸಂಕೋಚ ಪಟ್ಕೋಬೇಡಿ, ಬಾಣಂತನ ಇಲ್ಲೇ ಮಾಡ್ತೀವಿ. ನಮ್ಮನೇಲಿ ಎರಡು ಹಂಡೆ ಇದೆ."

ಮೊದಲನೆಯ ಮಾತನ್ನು ಅಲಮೇಲಮ್ಮನವರು ಕ್ಷಮಿಸಿದರು. ಎರಡನೆಯದನ್ನು ಕ್ಷಮಿಸುವ ಪ್ರಶ್ನೆಯೇ ಇರಲಿಲ್ಲ. ಅದೂ ಅಲ್ಲದೆ ಮೊದಲ ಹೆರಿಗೆ, ಬಾಣಂತನ ತವರಿನ ಹಕ್ಕು.

ಮನೆಯ ಮಾಲೀಕರಾದ ರಂಗಯ್ಯನವರು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು ಅಲ್ಲೇ ವಾಸವಾಗಿದ್ದರು. ಕಾಗದ ಬರೆದರೆ ಉತ್ತರಿಸದೆ ಇರುವ ದುರಭ್ಯಾಸ ಅವರಿಗೆ ಇರಲಿಲ್ಲ. ಪ್ರತಿ ಕಾಗದಕ್ಕೂ ಒಂದು ಕಾರ್ಡು ತಪ್ಪದೆ ಬರುತ್ತಿತ್ತು. "ಇತ್ತ ಎಲ್ಲರೂ ಕ್ಷೇಮ. ಹಿತ್ತಲಿನ ಕರಿಬೇವಿನ ಗಿಡ ಹೇಗಿದೆ? ನೀರು ಹಾಕುತ್ತಿರುವಿರೆಂದು ನಂಬಿದ್ದೇನೆ." ಗೀಸರ್ ಎಂಬ ಶಬ್ದ ಯಾವ ಕಾರ್ಡಿನಲ್ಲೂ ಇರುತ್ತಿರಲಿಲ್ಲ. ಅಲಮೇಲಮ್ಮನವರು ಎಲ್ಲವನ್ನೂ ತಾರೀಖಿನ ಪ್ರಕಾರ ಫೈಲಿಗೆ ಸೇರಿಸಿ, ಕೊನೆಗೆ ತಾವೇ ಗುಬ್ಬಿಯ ಬಸ್ಸು ಹತ್ತಿದರು.

ರಂಗಯ್ಯನವರ ಬಚ್ಚಲಲ್ಲಿ ಗಡಿಗೆಹೊಟ್ಟೆಯ ತಾಮ್ರದ ಹಂಡೆಯೊಂದು ತೆಂಗಿನ ಕರಟದ ಉರಿಯ ಮೇಲೆ ಕುದಿಯುತ್ತಿತ್ತು. ಅವರು ಅತಿಥಿಗೆ ಕಾಲು ತೊಳೆಯಲು ಬಿಸಿನೀರನ್ನೇ ಕೊಡಿಸಿದರು.

"ಅಮ್ಮಾವ್ರೇ, ನಾನು ರಿಪೇರಿ ಮಾಡ್ಸಲ್ಲ ಅಂದಿದೀನಾ?"

"ಮಾಡಿಸ್ತೀನಿ ಅಂತಲೂ ಅಂದಿಲ್ವಲ್ಲ."

"ಎರಡೂ ಅಂದಿಲ್ಲ. ಅದಕ್ಕೇ ನೋಡಿ, ನಮ್ಮಿಬ್ಬರ ಮಧ್ಯೆ ಇವತ್ತಿನವರೆಗೆ ಒಂದು ಮನಸ್ತಾಪ ಇಲ್ಲ. ಕರಿಬೇವು ಚಿಗುರಿದೆಯೋ?"

ಇಷ್ಟಾದರೂ ಅವರು ಸುಮ್ಮನೆ ಕೂರಲಿಲ್ಲ. ಮುಂದಿನ ವಾರವೇ ತುಮಕೂರಿನ ಎಲೆಕ್ಟ್ರಿಷಿಯನ್ ಬುಡನ್ ಸಾಬ್‌ರನ್ನು ಕಳಿಸಿದರು. ಬುಡನ್ ಸಾಬ್ ಸ್ಟೂಲು ಹತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆಗಳನ್ನೂ ಒಣಗಿದ ಹಾಗಲ ಬಳ್ಳಿಯನ್ನೂ ಬಹಳ ಹೊತ್ತು ನೋಡಿದರು.

"ಒಳಗೆ ನೀರು ಇಳಿದು ಕಾಯಿಲ್ ಸುಟ್ಟಿದೆ ಅಮ್ಮಾ. ಬೀಡಿ ಸೇದೋವಷ್ಟು ಹೊತ್ತಿನ ಕೆಲ್ಸ."

"ಹಾಗಾದ್ರೆ ಮಾಡಿ."

"ರಂಗಯ್ಯನೋರು ನೋಡು ಅಂದವ್ರೆ, ಮುಟ್ಟು ಅಂದಿಲ್ಲ. ನೋಡಿದ್ದಾಯ್ತಲ್ಲ." ಅವರು ಸ್ಟೂಲಿನಿಂದ ಇಳಿದರು.

ತಾವೇ ಕೈಯಿಂದ ಹಣ ಹಾಕಿ ಮಾಡಿಸಿಬಿಡಲು ಅಲಮೇಲಮ್ಮನವರಿಗೆ ಕರಾರುಪತ್ರ ಅಡ್ಡಬಂತು. "ಬಾಡಿಗೆದಾರರು ಮನೆಯ ಯಾವುದೇ ಸಾಮಾನನ್ನು ಮಾಲೀಕರ ಅನುಮತಿ ಇಲ್ಲದೆ ಕೆಡಿಸತಕ್ಕದ್ದಲ್ಲ, ಸರಿಪಡಿಸತಕ್ಕದ್ದೂ ಅಲ್ಲ" ಎಂದು ಅದರಲ್ಲಿತ್ತು. ಕೆಳಗೆ ಅವರ ರುಜು ಇತ್ತು. ತಮ್ಮ ರುಜುವಿನ ಮೇಲೆ ಅವರಿಗೆ ಗೌರವವಿತ್ತು.

ವಿಷಯ ನಗರದ ಮನೆ ಮಾಲೀಕರ ಹಾಗೂ ಬಾಡಿಗೆದಾರರ ಸೌಹಾರ್ದ ಸಂಘದ ಮುಂದೆ ಹೋಯಿತು. ಸಂಘದಲ್ಲಿ ಇದ್ದವರೆಲ್ಲ ಮಾಲೀಕರು. ಬಾಡಿಗೆದಾರರ ಪ್ರತಿನಿಧಿಯಾಗಿ ಅಧ್ಯಕ್ಷ ಮಹಾದೇವಯ್ಯನವರ ಭಾವಮೈದ ಇದ್ದರು. ಅವರು ಅಧ್ಯಕ್ಷರ ಮನೆಯಲ್ಲೇ ಬಾಡಿಗೆ ಇಲ್ಲದೆ ಇದ್ದುದರಿಂದ ಎರಡೂ ಪಕ್ಷಗಳನ್ನು ಬಲ್ಲವರಾಗಿದ್ದರು. ಸ್ಥಳ ಪರಿಶೀಲನೆಗೆ ಸಂಘ ಪೂರ್ತಿಯಾಗಿ ದಯಮಾಡಿಸಿ, ಉಪ್ಪಿಟ್ಟು ಕಾಫಿ ಮುಗಿಸಿ, ಗೀಸರಿನ ಕೆಳಗೆ ನಿಂತಿತು.

"ಪೂಜೆ ಮಾಡಿದೋರು ಯಾರು?" ಎಂದರು ಮಹಾದೇವಯ್ಯ.

"ನಾನೇ," ಎಂದರು ಅಲಮೇಲಮ್ಮ.

"ಅದೇ ಸ್ವಾಮಿ ನಾನೂ ಹೇಳೋದು!" ಗುಬ್ಬಿಯಿಂದ ಬಂದಿದ್ದ ರಂಗಯ್ಯನವರು ಮುಂದೆ ಬಂದರು. "ಆ ತಂಬಿಗೆ ನೀರಿಂದ್ಲೇ ಕೆಟ್ಟಿದ್ದು."

"ಪೂಜೆ ಮಾಡದೇ ಬಿಟ್ಟಿದ್ರೆ?" ಎಂದರು ಮಹಾದೇವಯ್ಯ.

"ಬಿಡೋಕಾಗುತ್ತಾ? ನನ್ನ ಸ್ವಂತ ಮನೆ. ನೀರು ತುಂಬೋ ಹಬ್ಬ ನಿಂತರೆ ಶ್ರೇಯಸ್ಸಾ?"

"ಅಂದ್ರೆ ಅಮ್ಮಾವ್ರು ಮಾಡಿದ್ದು ಸರಿ."

"ಸರಿನೇ."

"ನೀವು ಹೇಳೋದೂ ಸರಿ. ಇನ್ನು ತಪ್ಪು ಯಾರದ್ದು ಉಳೀತು?"

ಎಲ್ಲರೂ ತಲೆಯೆತ್ತಿ ಗೀಸರಿನ ಕಡೆ ನೋಡಿದರು. ಒಬ್ಬರು ಕೈ ಮುಗಿದರು. ಅಲ್ಲೇ ನಿರ್ಣಯ ಅಂಗೀಕಾರವಾಯಿತು: "ಸದರಿ ಗೀಸರ್ ಪೂಜಾನಂತರ ಸ್ತಬ್ಧವಾಗಿರುವುದು ದೈವಸಂಕಲ್ಪವಾದ ಕಾರಣ, ಅದು ಕೆಟ್ಟಿದೆ ಎನ್ನುವುದು ಉಭಯ ಪಕ್ಷಕ್ಕೂ ಶುಭವಲ್ಲ. ಕೆಡದಿರುವ ವಸ್ತುವನ್ನು ದುರಸ್ತಿ ಮಾಡುವ ಪ್ರಸಂಗ ಉದ್ಭವಿಸುವುದಿಲ್ಲ."

ಅಲಮೇಲಮ್ಮನವರು ಸುಮ್ಮನಾಗುವವರಲ್ಲ. ಕರಾರುಪತ್ರ ಬಿಚ್ಚಿ, ಕಾಲೇಜಿನ ಚರ್ಚಾಸ್ಪರ್ಧೆಯ ದನಿಯಲ್ಲಿ ಓದಿದರು: "ಮನೆಗೆ ಬಿಸಿನೀರಿನ ಸೌಕರ್ಯವನ್ನು ಮಾಲೀಕರು ಒದಗಿಸತಕ್ಕದ್ದು."

ರಂಗಯ್ಯನವರ ಮುಖ ಅರಳಿತು. "ಗೀಸರ್ ಅಂತ ಇಲ್ವಾ ಅದ್ರಲ್ಲಿ? ಬರೀ ಬಿಸಿನೀರಾ? ಮೊದಲೇ ಹೇಳ್ಬಾರ್ದಾ ತಾಯಿ! ನಮ್ಮನೇಲಿ ದಿನಾ ಚೆಲ್ತೀವಿ!"

ಹೀಗೆ, ಪುಷ್ಯ ಮಾಸದಲ್ಲಿ ಜಾನಕಿ ಗಂಡು ಮಗುವನ್ನು ಹೆತ್ತು ಆಸ್ಪತ್ರೆಯಿಂದ ಬಂದ ಮೇಲೆ, ಎರೆಯುವ ದಿನಗಳಲ್ಲೆಲ್ಲ ಗುಬ್ಬಿಯಿಂದ ತುಮಕೂರಿಗೆ ಬಿಸಿನೀರು ಬರತೊಡಗಿತು. ದೊಡ್ಡದೊಂದು ಹಾಲಿನ ಕ್ಯಾನಿಗೆ ತುಂಬಿ, ಗೋಣಿಚೀಲ ಸುತ್ತಿ, ಹತ್ತಿರದ ಕಡಬದಿಂದ ಬರುವ ಬೆಳಗಿನ ಬಸ್ಸಿಗೆ ಹಾಕುತ್ತಿದ್ದರು. ಆರದಿರಲಿ ಎಂದು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಅದಕ್ಕೆ ಜಾಗ. ಅಲ್ಲಿ ಕೂರಲು ಬಂದವರನ್ನು ಕಂಡಕ್ಟರ್ ಅಂಜನಮೂರ್ತಿ "ಏಳ್ರೀ, ಬಾಣಂತಿ ನೀರು ಬರುತ್ತೆ ಮುಂದೆ" ಎಂದು ಎಬ್ಬಿಸುತ್ತಿದ್ದ. ಜನ ಎದ್ದು ಜಾಗ ಬಿಡುತ್ತಿದ್ದರು. ತುಮಕೂರಿನ ಬಸ್ ಸ್ಟ್ಯಾಂಡಿನಿಂದ ಕ್ಯಾನು ಜಟಕಾದಲ್ಲಿ ಮನೆಗೆ ಬರುತ್ತಿತ್ತು.

ಎರೆಯಲು ಬರುವ ಚಿಕ್ಕಮಾರಮ್ಮ ಮೊದಲ ದಿನ ಕ್ಯಾನಿಗೆ ಕೈ ಅದ್ದಿದಳು.

"ಅವ್ವಾ, ಈ ನೀರು ಬಾಣಂತಿಗೆ ಉಯ್ಯಾಕಾ, ಮೊಸ್ರಿಗೆ ಹೆಪ್ಪಾಕಾಕಾ?"

"ಗುಬ್ಬೀಲಿ ಹೊರಟಾಗ ಕುದೀತಿತ್ತು ಕಣೇ."

"ಗುಬ್ಬಿ ಬಾಣಂತಿಗೆ ಸರಿಯೋಯ್ತದೆ ಬುಡಿ."

ದೂರು ಸಂಘಕ್ಕೆ ಹೋಯಿತು. ಬಿಸಿನೀರು ಎಂದರೆ ಹೊರಟ ಸ್ಥಳದಲ್ಲಿ ಬಿಸಿಯಾಗಿದ್ದ ನೀರು ಎಂದು ಸಂಘ ಸ್ಪಷ್ಟೀಕರಣ ಕೊಟ್ಟಿತು. ಅಂದಿನಿಂದ ಅಲಮೇಲಮ್ಮನವರು ಬಂದ ಬಿಸಿನೀರನ್ನು ಸ್ಟೌ ಮೇಲೆ ಪಾತ್ರೆಪಾತ್ರೆಯಾಗಿ ಬಿಸಿ ಮಾಡತೊಡಗಿದರು. ಇದರಿಂದ ಕರಾರಿಗೆ ಭಂಗ ಬರಲಿಲ್ಲ.

ಒಂದು ದಿನ ಬಸ್ಸು ಹೆಗ್ಗೆರೆಯ ಹತ್ತಿರ ಪಂಕ್ಚರ್ ಆಯಿತು. ಜಾನಕಿ ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಚಿಕ್ಕಮಾರಮ್ಮನ ಚಾಚಿದ ಕಾಲ ಮೇಲೆ ಎಣ್ಣೆಮೈಯ ಮಗು ಅತ್ತು ಅತ್ತು ಸುಸ್ತಾಗಿ ನಿದ್ದೆ ಹೋಯಿತು. ಬಚ್ಚಲಿನ ಕಿಂಡಿಯಿಂದ ಗಾಳಿ ಬೀಸುತ್ತಿತ್ತು. ಮೇಲೆ ಗೀಸರ್ ಇತ್ತು.

"ಅಮ್ಮ," ಎಂದಳು ಜಾನಕಿ, ಹಲ್ಲು ಕಟಕಟಿಸುತ್ತ, "ಕುಣಿಗಲ್ಲಿಗೆ ಹೋಗ್ಬಿಡ್ಲಾ?"

ಅಲಮೇಲಮ್ಮನವರು ಮಗಳ ಮೇಲೆ ಇನ್ನೊಂದು ಸೀರೆ ಹೊದಿಸಿದರು. "ಬಸ್ಸು ಬರುತ್ತೆ ಕಣೇ," ಎಂದರು. "ಎರಡು ಹಂಡೆಗೆಲ್ಲ ಮರುಳಾಗ್ಬೇಡ."

ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ಸರಸ್ವತಮ್ಮನವರು ಕುಣಿಗಲ್ಲಿನಿಂದ ಬೆಳಿಗ್ಗೆಯೇ ಬಂದಿಳಿದರು. ಸೊಸೆಯನ್ನೂ ಮೊಮ್ಮಗನನ್ನೂ ಜೊತೆಗೇ ಕರೆದೊಯ್ಯುವ ಸಿದ್ಧತೆಯಿಂದ ಬಾಡಿಗೆ ಕಾರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದರು. ಅವರು ಹೊಸಿಲು ದಾಟುವುದಕ್ಕೂ ಜಟಕಾ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಗೋಣಿ ಸುತ್ತಿದ ಕ್ಯಾನು ಇಳಿಯಿತು.

"ಏನ್ರೀ ಅದು, ಹಾಲಾ?"

ಮುಚ್ಚಿಡಲು ದಾರಿಯಿರಲಿಲ್ಲ. ಅಲಮೇಲಮ್ಮನವರು ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿದರು.

"ಬಿಸಿನೀರು. ಗುಬ್ಬಿಯಿಂದ ಬರುತ್ತೆ."

ಸರಸ್ವತಮ್ಮನವರು ಕ್ಯಾನನ್ನು ನೋಡಿದರು. ಅದನ್ನು ಇಬ್ಬರು ಹುಷಾರಾಗಿ ಹಿಡಿದು ಒಳಗೆ ಒಯ್ಯುವುದನ್ನು ನೋಡಿದರು. ಬೀದಿಯವರು ದಾರಿ ಬಿಡುವುದನ್ನೂ ನೋಡಿದರು.

"ದಿನಾನೂ?"

"ಎರೆಯೋ ದಿನ ಎಲ್ಲ. ಬಸ್ಸಲ್ಲಿ ಅದಕ್ಕೆ ಸೀಟಿದೆ."

"ನಮ್ಮಲ್ಲೆಲ್ಲ," ಎಂದರು ಸರಸ್ವತಮ್ಮ, ದನಿ ತಗ್ಗಿಸಿ, "ಮನೇಲೇ ಕಾಯಿಸ್ಕೋತೀವಿ."

ಸಂಜೆ ಕಾರು ಅವರೊಬ್ಬರನ್ನೇ ಕೂರಿಸಿಕೊಂಡು ಕುಣಿಗಲ್ಲಿಗೆ ಹೋಯಿತು. ಬಾಣಂತನ ತವರಲ್ಲೇ ನಿಂತಿತು. ಕೆಲವು ದಿನದಲ್ಲೇ, ಕುಣಿಗಲ್ಲಿಗೂ ಗುಬ್ಬಿ ನೀರು ತರಿಸಲು ಯಾರನ್ನು ಕಾಣಬೇಕೆಂದು ಕೇಳಿ ಸರಸ್ವತಮ್ಮನವರ ಕಾಗದ ಬಂತು. ಬೀದಿಯ ಇನ್ನೂ ಮೂರು ನಾಲ್ಕು ಮನೆಯವರು ತಮ್ಮ ಮಾಲೀಕರಿಗೆ ಅರ್ಜಿ ಕೊಟ್ಟರು. ಅವರ ಗೀಸರುಗಳು ಕೆಲಸ ಮಾಡುತ್ತಿದ್ದವು, ಆದರೆ ಅದರಲ್ಲಿ ಏನೂ ಮರ್ಯಾದೆ ಉಳಿದಿರಲಿಲ್ಲ.

ಮರುವರ್ಷ ನೀರು ತುಂಬುವ ಹಬ್ಬಕ್ಕೆ ಜಾನಕಿ ಮಗುವಿನೊಂದಿಗೆ ತವರಿಗೆ ಬಂದಿದ್ದಳು. ಅಲಮೇಲಮ್ಮನವರು ಗೀಸರಿನ ಜೊತೆಗೆ ಕ್ಯಾನಿಗೂ ಸುಣ್ಣ ಕೆಮ್ಮಣ್ಣು ಬಳಿದು, ಹಾಗಲ ಬಳ್ಳಿ ಸುತ್ತಿ, ಆರತಿ ಎತ್ತಿದರು. ರಂಗಯ್ಯನವರೂ ಸಂಸಾರಸಮೇತ ಬಂದು ಪ್ರಸಾದ ತೆಗೆದುಕೊಂಡು, ಕರಿಬೇವು ನೋಡಿಕೊಂಡು ಹೋದರು. ಮಾರನೆಯ ಬೆಳಿಗ್ಗೆ ಕ್ಯಾನಿನ ತಳ ಸೋರತೊಡಗಿತು.

ಅಲಮೇಲಮ್ಮನವರು ಅಂದೇ ಗುಬ್ಬಿಗೆ ಕಾಗದ ಬರೆದರು: ಕ್ಯಾನಿನ ತಳ ಬಿಟ್ಟಿದೆ, ಮೊಮ್ಮಗನಿಗೆ ಎರೆಯಬೇಕು, ಬೇಗ ಬೆಸುಗೆ ಹಾಕಿಸಿಕೊಡಬೇಕು. ಈ ಸಲ ರಂಗಯ್ಯನವರು ಕರಿಬೇವಿನ ವಿಷಯ ಎತ್ತದೆ, ವಿಷಯಕ್ಕೇ ಉತ್ತರ ಬರೆದರು. ಅದನ್ನು ಓದಿ ಯಜಮಾನರೂ ತಲೆದೂಗಿದರು, ಸಂಘವೂ ನ್ಯಾಯವಾಗಿದೆ ಎಂದಿತು. ಅಲಮೇಲಮ್ಮನವರು ಅದನ್ನು ಫೈಲಿಗೆ ಸೇರಿಸಿ, ಮೊಮ್ಮಗನಿಗೆ ಎಣ್ಣೆ ಹಚ್ಚಿ, ಬಚ್ಚಲಿಗೆ ಎತ್ತಿಕೊಂಡು ಹೋಗಿ ಗೀಸರಿನ ಕೆಳಗೆ ಕೂತರು. ಕಾರ್ಡಿನಲ್ಲಿ ಇಷ್ಟೇ ಇತ್ತು:

"ಕ್ಯಾನಿನ ದುರಸ್ತಿ ವಿಚಾರ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ತಾವು ಗೀಸರ್ ಉಪಯೋಗಿಸತಕ್ಕದ್ದು."